ಒಂದು ಲೀಟರ್ ಪೆಟ್ರೋಲಿನೊಳಗಿನ ದೇವರುಗಳು

ನಮ್ಮಕ್ಕ ದೇವರುಗಳನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ. ಬಟ್ಟೆ ನೆನೆಹಾಕುತ್ತೀರಲ್ಲ, ಹಾಗೆಯೇ. ಸಂಜೆ ಹಾಕಿ, ಬೆಳಿಗ್ಗೆ ಹಿಂಡುತ್ತಾಳೆ. ಗಾಬರಿಯಾಗಬೇಡಿ. ಮೊದಲ ಸಲ ನೋಡಿದಾಗ ನಾನೂ ಗಾಬರಿಯಾಗಿ ಬಕೆಟ್ಟಿಗೇ ಕೈ ಮುಗಿದಿದ್ದೆ.

ವಿಷಯ ಇಷ್ಟೇ. ಮನೆಯಲ್ಲಿ ದೇವರ ಫೋಟೋದ ಗಾಜು ಒಡೆಯುತ್ತದೆ. ಇಲ್ಲವೇ ಬಣ್ಣ ಹೋಗುತ್ತದೆ. ಇಲ್ಲವೇ ಹೊಸ ಮನೆ ಕಟ್ಟಿಸಿ, ಹಳೆಯ ವೆಂಕಟರಮಣ ಹೊಸ ಟೈಲ್ಸಿಗೆ ಹೊಂದುವುದಿಲ್ಲ ಎನಿಸುತ್ತದೆ. ಕಸದ ಬುಟ್ಟಿಗೆ ಹಾಕಲು ಧೈರ್ಯವಿಲ್ಲ, ಇಟ್ಟುಕೊಳ್ಳಲು ಮನಸ್ಸಿಲ್ಲ. ಆಗ ಏನು ಮಾಡುತ್ತಾರೆ? ಅರಳಿಕಟ್ಟೆಯ ಮೇಲೋ, ಸೇತುವೆಯ ಗೋಡೆಗೋ, ಹೊಳೆಯ ಮೆಟ್ಟಿಲಿಗೋ ಒರಗಿಸಿ, ಒಂದು ನಮಸ್ಕಾರ ಹಾಕಿ, ಹಿಂದಿರುಗಿ ನೋಡದೆ ಬಂದುಬಿಡುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಹಾಗೆ ಬೀದಿಗೆ ಬಿದ್ದ ದೇವರುಗಳಿಗೆಲ್ಲ ಪಾಂಡವಪುರದ ಹತ್ತಿರದ ನಮ್ಮಕ್ಕನ ಮನೆಯೇ ಕೊನೆಯ ನಿಲ್ದಾಣ. ಗಾಜು, ಮೊಳೆ ಗುಜರಿಗೆ. ಮರದ ಕಟ್ಟು ಹೀರೇಬಳ್ಳಿಯ ಚಪ್ಪರಕ್ಕೆ. ಕಾಗದ ಬಕೆಟ್ಟಿಗೆ. ನೆನೆದು ಮುದ್ದೆಯಾದ ಕಾಗದವನ್ನು ದಾಸವಾಳದ ಬುಡಕ್ಕೆ ಹಾಕಿ ಮಣ್ಣು ಎಳೆಯುತ್ತಾಳೆ. ಶಿವ, ಏಸು, ಮಹಾವೀರ, ಯಾವುದೋ ಊರಿನ ಮಾರಮ್ಮ, ಎಲ್ಲರೂ ಒಂದೇ ಬಕೆಟ್ಟಿನಲ್ಲಿ.

ಒಮ್ಮೆ ಅವಳ ಬೀಗಿತ್ತಿ, ಎಂದರೆ ಮಗಳ ಅತ್ತೆ, ಮೊದಲ ಸಲ ಮನೆಗೆ ಬಂದರು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು ಚೀರಿಕೊಂಡು ಹೊರಗೆ ಬಂದರು.

"ಅಯ್ಯೋ, ಬಕೆಟ್ಟಲ್ಲಿ ಲಕ್ಷ್ಮಿ ಮುಳ್ಗವ್ಳೆ ಕಣ್ರೀ."

"ಮುಳುಗ್ಲಿ ಬುಡಿ," ಅಂದಳು ಅಕ್ಕ. "ಕ್ಯಾತನಹಳ್ಳಿ ಸೇತುವೆ ಮೇಲೆ ಬಿಸ್ಲಲ್ಲಿ ಕೂತಿದ್ಲು, ಪಾಪ. ತಂಪಾಯ್ತದೆ."

ಬೀಗಿತ್ತಿ ಅಂದು ಊಟ ಮಾಡಿದರೇ ಹೊರತು ಕೈ ತೊಳೆಯಲಿಲ್ಲ.

ಅರಬ್ಬಿ ಅಕ್ಷರದ ಚೌಕಟ್ಟುಗಳನ್ನು ಮಾತ್ರ ಅಕ್ಕ ಬಕೆಟ್ಟಿಗೆ ಹಾಕುವುದಿಲ್ಲ. ಅವನ್ನು ತೊಣ್ಣೂರಿನ ದರ್ಗಾಕ್ಕೆ ಒಯ್ದು ಅಲ್ಲಿ ನೋಡಿಕೊಳ್ಳುವ ಸಾಬರ ಕೈಗೆ ಕೊಡುತ್ತಾಳೆ. "ಇದ್ನ ನೀವೇನ್ ಮಾಡ್ತೀರ?" ಎಂದು ಒಮ್ಮೆ ಕೇಳಿದಳು. "ಒಳ್ಳೆ ಜಾಗ ನೋಡಿ ಹೂತುಬಿಡ್ತೀವಮ್ಮ," ಅಂದರು ಅವರು. ಅಕ್ಕ ನನ್ನ ಕಡೆ ತಿರುಗಿ ಗೆದ್ದವಳ ಹಾಗೆ ನಕ್ಕಳು. "ನೋಡ್ಲಾ, ಅವ್ರೂ ಮಣ್ಗೇ ಕೊಡೋದು. ನಾನೊಬ್ಳೇ ಉಚ್ಚಿ ಅಂತಿದ್ಯಲ್ಲ."

ಇಂಥ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಮೊಪೆಡ್ ಓಡಿಸುವವನು ನಾನು. ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತೇನೆ. ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದವನು. ಈ ಅಕ್ಕನಿಗೆ ನಾನೊಂದು ಮೋಸ ಮಾಡಿದೆ. ಅದನ್ನು ಮುಚ್ಚಿಟ್ಟು ಅವಳ ಹುಚ್ಚಾಟವನ್ನಷ್ಟೇ ಹೇಳಿ ನಿಮ್ಮನ್ನು ನಗಿಸಿದರೆ ನಾಳೆ ನನ್ನ ಹಸುಗಳ ಮುಖ ನೋಡಲು ನಾಚಿಕೆಯಾಗುತ್ತದೆ. ಆದ್ದರಿಂದ ಎರಡನ್ನೂ ಹೇಳುತ್ತೇನೆ.

ಅಕ್ಕನ ಪ್ರವಾಸಕ್ಕೆ ಒಂದು ಕಾನೂನು ಇದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ತಲುಪಲು ಆಗದ ದೇವರು ಅವಳಿಗೆ ಬೇಡ. ನಮ್ಮ ಚಿಕ್ಕಮ್ಮ ಕಾಶಿಗೆ ಹೊರಟಾಗ ಇವಳನ್ನೂ ಕರೆದಳು. "ಅಷ್ಟ್ ದೂರ ಗಾಡೀಲಿ ಒಗೆ ಬುಟ್ಕಂಡು ಓಗಿ ಪಾಪ ತೊಳ್ಕೊಂಡ್ರೆ, ಆ ಒಗೆ ಪಾಪ ಯಾರು ತೊಳೀತಾರೆ ಚಿಕ್ಕವ್ವ?" ಅಂದಳು. ಚಿಕ್ಕಮ್ಮ ತಂದ ಗಂಗೆಯ ತಂಬಿಗೆಗೆ ಭಕ್ತಿಯಿಂದ ಕೈ ಮುಗಿದಳು. ತಂಬಿಗೆಯ ಮೇಲಿನ ಪ್ಲಾಸ್ಟಿಕ್ ಬಿಚ್ಚಿ ವಾಪಸ್ಸು ಕೊಟ್ಟಳು.

ಹಾಗಾಗಿ ನಮ್ಮ ಯಾತ್ರೆಯೆಲ್ಲ ನಾಲ್ಕು ತಾಲ್ಲೂಕಿನೊಳಗೇ. ಒಂದು ಭಾನುವಾರ ತೊಣ್ಣೂರಿನ ನಂಬಿನಾರಾಯಣ, ಅಲ್ಲೇ ದರ್ಗಾ. ಇನ್ನೊಂದು ಭಾನುವಾರ ಶ್ರೀರಂಗಪಟ್ಟಣದ ರಂಗನಾಥ, ಹಿಂದೆಯೇ ಒಂದು ಚರ್ಚು. ಮತ್ತೊಂದು ವಾರ ನಾಗಮಂಗಲದ ಆಚೆ ಕಂಬದಹಳ್ಳಿಯ ಬಸದಿ. ಎಲ್ಲಿ ಹೋದರೂ ಮೊದಲು ಹೊರಗಿನ ಕಸ ಆಯಬೇಕು, ಆಮೇಲೆ ಒಳಗಿನ ದೇವರು. ಎಷ್ಟೋ ಸಲ ನಾವು ಆಯ್ದು ಮುಗಿಸುವಷ್ಟರಲ್ಲಿ ಪೂಜಾರಿ ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿರುತ್ತಾರೆ. "ದರ್ಶನ ಆಗ್ನಿಲ್ವಲ್ಲಕ್ಕ," ಎಂದರೆ, "ನಮ್ಗಾಗ್ನಿಲ್ಲ, ಅವ್ನಿಗಾಯ್ತಲ್ಲ," ಎನ್ನುತ್ತಾಳೆ.

ಒಳಗೆ ಹೋದಾಗಲೂ ಸುಮ್ಮನಿರುತ್ತಾಳೆಯೇ? ಚರ್ಚಿನಲ್ಲಿ ಬೆಂಚುಗಳ ಸುತ್ತ ಮೂರು ಪ್ರದಕ್ಷಿಣೆ ಹಾಕುತ್ತಾಳೆ. ದರ್ಗಾದಲ್ಲಿ ಕೈ ಚಾಚಿ ತೀರ್ಥಕ್ಕೆ ಕಾಯುತ್ತಾಳೆ. ಬಸದಿಯಲ್ಲಿ, ಬೆತ್ತಲೆ ನಿಂತ ಸ್ವಾಮಿಯನ್ನು ಬಹಳ ಹೊತ್ತು ನೋಡಿ, "ಒಗೆಯೋ ಕೆಲ್ಸನೇ ಇಲ್ಲ. ಎಷ್ಟು ನೀರು ಉಳಿಸವ್ನೆ ನೋಡ್ಲಾ," ಅಂದಳು. ಕಾವಲುಗಾರ ನಗು ತಡೆಯಲಾರದೆ ಹೊರಗೆ ಓಡಿದ.

ಅಲ್ಲೇ ಒಬ್ಬ ಹಿರಿಯರು, ಅಕ್ಕನ ಹಣೆಯ ಕುಂಕುಮ, ಕೈಯ ಕಸದ ಗೋಣಿಚೀಲ ಎರಡನ್ನೂ ನೋಡಿ ಕೇಳಿದರು: "ನಿಮ್ದು ಯಾವ್ ಜಾತಿ ತಾಯಿ?"

"ಕಸ ಆಕ್ದಿರೋ ಜಾತಿ ಕಣಣ್ಣ. ಬಾಳ ಸಣ್ಣ ಜಾತಿ. ಗಂಡು ಎಣ್ಣು ಸಿಗೋದೇ ಕಷ್ಟ."

ಅವಳ ಧರ್ಮ ಏನು ಎಂದು ಒಮ್ಮೆ ಗಾಡಿ ಓಡಿಸುತ್ತಲೇ ಕೇಳಿದ್ದೆ. ಕೊನೆಗೆ ದೇವರು ಎಲ್ಲರನ್ನೂ ಒಳಗೆ ಕರೆದುಕೊಳ್ಳುತ್ತಾನೆ, ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ, ಅಷ್ಟೇ ಅವಳ ಧರ್ಮವಂತೆ.

"ಎಲ್ಲಾರ್ನೂನಾ?"

"ಊಂ ಕಣ್ಲಾ, ಎಲ್ಲಾರ್ನೂ."

"ಒಳೆಗೆ ಕಸ ಆಕೋರ್ನ?"

ಅಕ್ಕ ಹಿಂದೆ ಗೋಣಿಚೀಲವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡಳು. ಧರ್ಮಸಂಕಟ ಎಂದರೆ ಅದೇ ಇರಬೇಕು. ಆಮೇಲೆ ಅಂದಳು: "ಅವ್ರ್ನೂ ಕರ್ಕೋತಾನೆ. ಒಸಿ ಗುಡಿಸ್ಕೊಡಿ ಅಂತಾನೆ, ಅಷ್ಟೆ."

ಆ ಮಾತಿಗೆ ಜೋರಾಗಿ ನಕ್ಕವನು ನಾನು. ಹೊಳೆಗೆ ಕಸ ಹಾಕುವವನು ನಾನೇ ಆಗುತ್ತೇನೆ ಎಂದು ಆಗ ಗೊತ್ತಿರಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಭಾವ ತೀರಿಕೊಂಡರು. ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಮನುಷ್ಯ. ಅಕ್ಕ ಆಡುವ ಮಾತನ್ನೆಲ್ಲ ಭಾವ ಬೀಡಿ ಸೇದುತ್ತ ಕೇಳುತ್ತಿದ್ದರು. ಸೇದಿ ಉಳಿದ ತುಂಡನ್ನು ಅವಳ ಕಣ್ಣಿಗೆ ಬೀಳದ ಹಾಗೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರ ಮನೆತನದಲ್ಲಿ ಸುಡುವುದು ಪದ್ಧತಿ. ಸುಟ್ಟು, ಮೂರನೆಯ ದಿನ ಬೂದಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ದು ಕಾವೇರಿಗೆ ಬಿಡಬೇಕು. ಅಕ್ಕ ಬೇಡ ಎಂದಳು. ಅಳುತ್ತಲೇ ಬೇಡ ಎಂದಳು.

"ಆ ಒಳೇಲಿ ಜಾಗಿಲ್ಲ ಕಣ್ಲಾ. ವಾರವಾರ ನಾನೇ ಎತ್ತಾಕ್ತಿಲ್ವಾ? ಅವ್ರ್ನ ನಮ್ಮೊಲದ ಬದೀಲಿ ಒಂದು ಒಂಗೆ ಗಿಡ ನೆಟ್ಟು ಅದ್ರ ಬುಡಕ್ಕಾಕು. ನಾನ್ ಓಗಿ ಬಂದು ಮಾತಾಡ್ಸಾಕಾದ್ರೂ ಆಯ್ತದೆ. ನೀನೇ ಮಾಡು. ಬ್ಯಾರೆಯವ್ರ್ನ ನಾನು ನಂಬಾಕಿಲ್ಲ."

ನಾನು ಆಗಲಿ ಎಂದೆ. ಆದರೆ ಅಂಗಳದಲ್ಲಿ ನಮ್ಮ ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡರು.

"ಎಂಗಸ್ರು ಮಾತು ಕೇಳ್ಕಂಡು ಗಿಡುಕ್ಕಾಕ್ಬುಟ್ಟೀಯ ಕಣ್ಲಾ. ನೀರಿಗ್ ಬುಡ್ದಿದ್ರೆ ಆ ಜೀವ ಇಲ್ಲೇ ಸುತ್ತತಾ ಇರ್ತದೆ. ನಾಳೆ ನಿಂಗೇನಾದ್ರೂ ಆದ್ರೆ ನನ್ನ ಕೇಳ್ಬ್ಯಾಡ."

ಸುತ್ತುವ ಜೀವ ಎಂದರೆ ನನಗೆ ಹೆದರಿಕೆ. ಅಕ್ಕ ಎಂದರೂ ಹೆದರಿಕೆ. ಹೆದರುವವನು ಏನು ಮಾಡುತ್ತಾನೆ? ಪಾಲು ಮಾಡುತ್ತಾನೆ. ನಾನು ಭಾವನನ್ನು ಪಾಲು ಮಾಡಿಬಿಟ್ಟೆ. ಅರ್ಧವನ್ನು ಹೊಂಗೆ ಗಿಡದ ಬುಡಕ್ಕೆ ಹಾಕಿ, ಇನ್ನರ್ಧವನ್ನು ಕದ್ದು ಪಶ್ಚಿಮವಾಹಿನಿಗೆ ಒಯ್ದೆ. ಅಕ್ಕನ ಮನೆಯಲ್ಲಿ ಪ್ಲಾಸ್ಟಿಕ್ ಹುಡುಕಿದರೂ ಸಿಗುವುದಿಲ್ಲವಾದ್ದರಿಂದ, ನನ್ನ ಹೆಂಡತಿ ಸೀರೆ ತಂದಿದ್ದ ಅಂಗಡಿಯ ಕವರಿನಲ್ಲಿ ಒಯ್ದೆ. ಗುಲಾಬಿ ಬಣ್ಣದ ದಪ್ಪ ಕವರು. ಮೇಲೆ ಒಬ್ಬಳು ಮದುಮಗಳು ನಗುತ್ತಿರುವ ಚಿತ್ರ. ಹಿಂದೆ ಯಾವಾಗಲೋ ಅದನ್ನು ನಮ್ಮ ಮನೆಯಲ್ಲಿ ಕಂಡು, "ಇದು ನಿನ್ ಮೊಮ್ಮಕ್ಳು ಸತ್ರೂ ಸಾಯಾಕಿಲ್ಲ," ಎಂದು ಅಕ್ಕ ನನ್ನ ಹೆಂಡತಿಯನ್ನು ಬೈದಿದ್ದಳು.

ಮಂತ್ರ ಹೇಳುವವರಿಗೂ ಅವಸರ, ನನಗೂ ಅವಸರ. ಕವರನ್ನು ಬಗ್ಗಿಸಿದೆ. ಭಾವ ನೀರಿಗೆ ಹೋದರು. ಕೈಜಾರಿ ಕವರೂ ಹಿಂದೆಯೇ ಹೋಯಿತು. ಮದುಮಗಳು ನಗುನಗುತ್ತ ತೇಲಿಕೊಂಡು ಹೋಗುವುದನ್ನು ನೋಡುತ್ತ ನಿಂತೆ. ಈಜಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಪರಿಸರಪ್ರೇಮ.

ಅಕ್ಕ ವಾರವಾರ ಕಸ ಆಯಲು ಹೋಗುವ ಜಾಗಗಳಲ್ಲಿ ಆ ಮೆಟ್ಟಿಲೂ ಒಂದು. ಆ ಕವರು ಅವಳ ಕೈಗೆ ಸಿಕ್ಕಿತು ಎಂದುಕೊಳ್ಳಿ. ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳದೆ ಬಿಡುತ್ತಾಳೆಯೇ? ಆದ್ದರಿಂದ ಅವಳಿಗಿಂತ ಮೊದಲು ನಾನೇ ನೀರಿಗೆ ಇಳಿಯತೊಡಗಿದೆ. ಗುಲಾಬಿ ಬಣ್ಣದ್ದು ಏನು ಕಂಡರೂ ಹಾರಿ ಹಿಡಿದೆ. ಒಂದು ಮಗುವಿನ ಟೊಪ್ಪಿ, ಪೀಪಿ, ಚಪ್ಪಲಿ, ಒಮ್ಮೆ ಒಬ್ಬ ಹೆಂಗಸು ಒಗೆಯುತ್ತಿದ್ದ ಜೀವಂತ ಲಂಗ. ಆಕೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ನನ್ನ ಹುಚ್ಚು ಎಷ್ಟಕ್ಕೆ ಮುಟ್ಟಿತೆಂದರೆ, ಅಕ್ಕಿಹೆಬ್ಬಾಳಿಗೆ ಹೋದಾಗ ಅಲ್ಲಿಯ ಹೇಮಾವತಿಯಲ್ಲೂ ಸೊಂಟದ ಮಟ್ಟ ನಿಂತು ಹುಡುಕಿದೆ. ಹೇಮಾವತಿ ಇರುವುದು ಕಾವೇರಿಯ ಅಣೆಕಟ್ಟಿಗಿಂತ ಮೇಲ್ಗಡೆ, ಶ್ರೀರಂಗಪಟ್ಟಣ ಇರುವುದು ಕೆಳಗೆ. ಕೆಳಗೆ ಬಿಟ್ಟ ಕವರು ಕಟ್ಟೆ ಹತ್ತಿ ಮೇಲಕ್ಕೆ ಬರುವುದಿಲ್ಲ ಎಂದು ತಿಳಿಯಲು ಏಳನೇ ಕ್ಲಾಸೂ ಬೇಡ. ಆದರೆ ತಪ್ಪು ಮಾಡಿದವನಿಗೆ ನೀರು ಯಾವ ಕಡೆ ಬೇಕಾದರೂ ಹರಿಯುತ್ತದೆ.

ಅಕ್ಕನಿಗೆ ಇದೆಲ್ಲ ಪವಾಡದಂತೆ ಕಂಡಿತು. ಕರೆದರೆ ಮುಖ ಸಿಂಡರಿಸುತ್ತಿದ್ದ ತಮ್ಮ ಈಗ ಕರೆಯುವ ಮೊದಲೇ ಗಾಡಿ ಒದ್ದು ನಿಲ್ಲುತ್ತಾನೆ! ಸಂತೆಬಾಚಹಳ್ಳಿಯ ಸಂತೆಗೆ ಹೋದ ದಿನ ನೋಡಬೇಕಿತ್ತು. ಬದನೆಕಾಯಿ ಮಾರುವವಳು ಕವರು ಕೊಡಲು ಬಂದಳು. ಅದು ಗುಲಾಬಿ ಬಣ್ಣದ್ದು. ನಾನು ಹಾವು ಕಂಡವನ ಹಾಗೆ ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ.

"ನೋಡವ್ವ," ಎಂದು ಅಕ್ಕ ಆಕೆಗೆ ಹೆಮ್ಮೆಯಿಂದ ಹೇಳಿದಳು. "ನನ್ ತಮ್ಮಂಗೆ ಕವರ್ ಕಂಡ್ರೇ ಆಗಾಕಿಲ್ಲ."

"ಮೈ ಉಸಾರಿಲ್ವಾ?" ಅಂದಳು ಬದನೆಕಾಯಿಯವಳು.

ಬದನೆಕಾಯಿಯನ್ನು ಅಕ್ಕ ಮಡಿಲಿಗೆ ಸುರಿಸಿಕೊಂಡಳು. ದಾರಿಯಲ್ಲಿ ಗುಡಿ ಕಂಡಿತು, ಒಳಗೆ ನಡೆದಳು, ಮಡಿಲು ಮರೆತು ಎರಡೂ ಕೈ ಎತ್ತಿ ಮುಗಿದಳು. ಬದನೆಕಾಯಿಗಳೆಲ್ಲ ದೇವರ ಮುಂದೆ ಉರುಳಿದವು. ಪೂಜಾರಿ ಹಿಂದೆ ಮುಂದೆ ನೋಡದೆ ಅವುಗಳ ಮೇಲೆ ಹೂವು ಹಾಕಿ, ನೀರು ಚಿಮುಕಿಸಿ, ಬುಟ್ಟಿಗೆ ತುಂಬಿಕೊಂಡರು. ನಾವು ಅಂದು ಹುರುಳಿಸಾರು ಉಂಡೆವು.

ಎಲ್ಲ ತಮಾಷೆಯಾಗಿಯೇ ಇತ್ತು, ಬೆಳಗಿನ ಹೊತ್ತೊಂದನ್ನು ಬಿಟ್ಟು. ಅಕ್ಕ ದಿನಾ ಬೆಳಿಗ್ಗೆ ಹೊಲದ ಬದಿಗೆ ಹೋಗಿ ಆ ಹೊಂಗೆ ಗಿಡಕ್ಕೆ ಸುದ್ದಿ ಹೇಳುತ್ತಾಳೆ. ಹಿಂದಿನ ದಿನ ಎಲ್ಲಿಗೆ ಹೋದೆವು, ಯಾವ ದೇವರು ಸಿಕ್ಕಿದ, ಮಗಳ ಫೋನು ಬಂತೇ, ಎಲ್ಲ. ನಾನು ಅತ್ತ ಹಸುವಿಗೆ ಹುಲ್ಲು ಕೊಯ್ಯುತ್ತ ಕೇಳಿಸಿಕೊಳ್ಳುತ್ತೇನೆ. ಪೂರ್ತಿ ಸುದ್ದಿ, ಅರ್ಧ ಭಾವ. ಗಿಡ ಬೇಗ ಬೆಳೆಯಲಿಲ್ಲ. ಅದಕ್ಕೂ ನಾನೇ ಕಾರಣ ಎನಿಸಿ, ಅಕ್ಕನಿಗೆ ಕಾಣದಂತೆ ಸಗಣಿಗೊಬ್ಬರ ತಂದು ಸುರಿದೆ.

"ಎಂಥ ಗೊಬ್ರ ಆಕವ್ನೆ ನೋಡಿ ನಿಮ್ ಬಾಮೈದ," ಎಂದು ಅಕ್ಕ ಮರುದಿನ ಗಿಡಕ್ಕೆ ಹೇಳಿದಳು. ಕುಡುಗೋಲು ನನ್ನ ಬೆರಳಿಗೇ ತಗುಲಿತು.

ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದೆನೋ. ಹೇಳಿದರೆ ಅಕ್ಕ ಇನ್ನು ನನ್ನ ಗಾಡಿ ಹತ್ತುವುದಿಲ್ಲ ಎನಿಸುತ್ತಿತ್ತು. ನಂಬಿ ಹೆಗಲ ಮೇಲೆ ಕೈ ಇಟ್ಟು ಕೂರುವವರು ನನಗೆ ಇನ್ನು ಯಾರಿದ್ದಾರೆ? ನನ್ನ ಹೆಂಡತಿಯೂ ನಾನು ಓಡಿಸಿದರೆ ಬಸ್ಸಿಗೇ ಹೋಗುತ್ತೇನೆ ಎನ್ನುತ್ತಾಳೆ.

ಮೊನ್ನೆ ಭಾನುವಾರ ಮತ್ತೆ ಪಶ್ಚಿಮವಾಹಿನಿಗೆ ಹೋಗಿದ್ದೆವು. ಮಧ್ಯಾಹ್ನ. ನಾಗಮಂಗಲ ಕಡೆಯ ಒಬ್ಬ, ನನ್ನ ವಯಸ್ಸಿನವನೇ, ಅಪ್ಪನ ಬೂದಿ ತಂದಿದ್ದ. ಬೂದಿ ಬಿಟ್ಟ. ಪಂಚೆ ಬಿಟ್ಟ. ಆಮೇಲೆ ಒಂದು ದೊಡ್ಡ ಕವರಿನಿಂದ ಹಳೆಯ ದಿಂಬೊಂದನ್ನು ತೆಗೆದ.

ಅಕ್ಕ ಗೋಣಿಚೀಲ ಕೆಳಗಿಟ್ಟು ಎದ್ದಳು. "ಅಪ್ಪನ್ನ ಬುಟ್ಟೆ ಸರಿ. ದಿಂಬ್ನ ಯಾಕ್ ಬುಟ್ಟೀಯಪ್ಪ?"

"ಇದಿಲ್ದಿದ್ರೆ ನಮ್ಮಪ್ಪ ಮಲಗ್ತಾನೇ ಇರ್ನಿಲ್ಲ ಕಣವ್ವ," ಅಂದ ಅವನು. ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಂಡ.

ಅಕ್ಕ ಜಗಳಕ್ಕೆ ಎದ್ದವಳು, ಜಗಳ ಆಡಲಿಲ್ಲ. ಅವನ ಕೈಯಿಂದ ದಿಂಬು ತೆಗೆದುಕೊಂಡು, ಧೂಳು ಕೊಡವಿ, ಅವನ ತೋಳಿಗೇ ತಿರುಗಿ ಕೊಟ್ಟಳು. "ಒಳೆಗೆ ಇದ್ರ ಬೆಲೆ ಗೊತ್ತಾಗಾಕಿಲ್ಲ ಕಣಪ್ಪ. ನಿಮ್ಮಪ್ಪನ್ ತಲೆ ವಾಸ್ನೆ ಅದೆ ಇದ್ರಲ್ಲಿ. ನೀನೇ ಮಡೀಕೊ."

ಅವನು ದಿಂಬನ್ನು ಅಪ್ಪಿಕೊಂಡು ನಿಂತ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇಂದಿಗೂ ಬಾಯಿ ಬಿಡುತ್ತಿರಲಿಲ್ಲ. ಅಕ್ಕ ನನ್ನ ಕಡೆ ಕೈ ತೋರಿಸಿದಳು.

"ಇವ್ನ ನೋಡು. ನನ್ ತಮ್ಮ. ನಮ್ ಯಜಮಾನ್ರ ಬೂದೀನ ನೀರಿಗೆ ಬುಡು ಅಂತ ಊರೋರೆಲ್ಲ ಕಿವಿ ಕಚ್ಚುದ್ರು. ಕೇಳ್ನಿಲ್ಲ. ನಾನು ಏಳ್ದಂಗೆ ಗಿಡುಕ್ಕಾಕ್ದ. ಇಂಥ ತಮ್ಮ ಯಾರಿಗ್ ಸಿಕ್ತಾನೆ?"

ಅವನು ಒದ್ದೆ ಕಣ್ಣಿನಲ್ಲೇ ನನಗೆ ಕೈ ಮುಗಿದ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಅವನು ದಿಂಬು ಹಿಡಿದು ಮೆಟ್ಟಿಲು ಹತ್ತಿ ಹೋಗುವವರೆಗೆ ಕಾದೆ.

"ಅಕ್ಕ."

"ಏನ್ಲಾ?"

"ನಾನು ಕೇಳಿದ್ನಕ್ಕ. ಊರೋರ ಮಾತ. ದೊಡ್ಡಪ್ಪನ ಮಾತು ಕೇಳಿ ಅರ್ಧ ಬೂದೀನ ಇಲ್ಲಿ ತಂದು ಬುಟ್ಬುಟ್ಟೆ. ಕವರ್ ಸಮೇತ. ಗಿಡದ ತಾವ ಇರೋದು ಅರ್ಧಾನೇ."

ಅಕ್ಕ ಕೂತಳು. ಕೂತ ಮೆಟ್ಟಿಲ ಮೇಲೆ ಯಾರೋ ಬಿಟ್ಟ ಬಾಳೆಎಲೆ ಇತ್ತು, ಅದನ್ನೂ ನೋಡಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಕಸದ ಕಡ್ಡಿಯಲ್ಲಿ ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ದಿನಾ ಮಾತಾಡ್ತಿದ್ನಲ್ಲೋ," ಅಂದಳು ಕೊನೆಗೆ. "ಕೇಳುಸ್ಕೊಂಡೂ ಸುಮ್ಕಿದ್ಯಲ್ಲ."

"ತಪ್ಪಾಯ್ತಕ್ಕ."

"ಅರ್ಧ ಅಂದ್ರೆ ಯಾವರ್ಧ?"

"ಅಂದ್ರೆ?"

"ಮೇಲಿಂದಾ, ಕೆಳಗಿಂದಾ?"

"ನಂಗೇನ್ ಗೊತ್ತಕ್ಕ. ಬೂದಿ."

ಅವಳು ಹೊಳೆಯನ್ನೇ ನೋಡುತ್ತಿದ್ದಳು. ಅತ್ತ ಯಾರೋ ಮಂತ್ರ ಹೇಳುತ್ತಿದ್ದರು, ಇತ್ತ ಯಾರೋ ತಲೆ ಬೋಳಿಸಿಕೊಳ್ಳುತ್ತಿದ್ದರು. ಎದ್ದು ಬಸ್ಸಿಗೆ ಹೋಗಿಬಿಡುತ್ತಾಳೆ ಎಂದುಕೊಂಡೆ.

"ಎಷ್ಟೊತ್ನಲ್ಲಿ ಬುಟ್ಟೆ?"

"ಇದೇ ಒತ್ತು ಕಣಕ್ಕ. ಮದ್ಯಾನ."

"ಬಿಸ್ಲಿತ್ತಾ?"

"ಇತ್ತು. ಮೆಟ್ಲು ಕಾಲು ಸುಡ್ತಿತ್ತು."

"ನೀರು ಮುಟ್ಟಿ ನೋಡಿದ್ಯಾ?"

ಆಗ ನನಗೆ ತಿಳಿಯಿತು ಅವಳು ಏನು ಕೇಳುತ್ತಿದ್ದಾಳೆಂದು. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ನಿಂತು ಭಾವನಿಗೆ ತಣ್ಣೀರು ಸೋಕಿದರೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲೂ ನೀರು ಕಾಯಿಸಬೇಕು, ಅಕ್ಕ ಬಚ್ಚಲಿಗೆ ಹೋಗಿ ಹದ ನೋಡಬೇಕು, ಅವಳು ಸರಿ ಎಂದ ಮೇಲೆಯೇ ಅವರು ಟವೆಲು ಹುಡುಕುತ್ತಿದ್ದರು.

ಅವತ್ತು ನೀರು ಹೇಗಿತ್ತೋ ನನಗೆ ನೆನಪಿರಲಿಲ್ಲ. ಬೆಚ್ಚಗಿತ್ತು ಎಂದುಬಿಡುವುದು ಸುಲಭ. ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲಕ್ಕ. ನೋಡ್ನಿಲ್ಲ."

ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ನನ್ನ ಪಕ್ಕಕ್ಕೆ ಬಂದಳು. ನನ್ನ ಹೆಗಲು ಹಿಡಿದು ಬಗ್ಗಿದಳು. ಮೊಣಕೈವರೆಗೂ ಕೈ ಮುಳುಗಿಸಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ಬಚ್ಚಲಿನಲ್ಲಿ ಮಾಡುವಂತೆ ನೀರನ್ನು ಎರಡು ಸಲ ಕಲಕಿದಳು.

"ಪರವಾಗಿಲ್ಲ," ಅಂದಳು. "ಬೆಚ್ಗೇ ಅದೆ."